ಕಚ್ಚಿ ಕುಡಿದವಳು

೧೯೯೮ರ ನವೆಂಬರ್ ೧೨, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ, ಮೂವತ್ತೆರಡು ಮೀಟರ್ ನೀರಿನಡಿಯಲ್ಲಿ, ನನ್ನ ಅತ್ತೆಯಾಗಬೇಕಿದ್ದ ಅಲಮೇಲಮ್ಮನವರು ತಮ್ಮ ಎಂಜಲನ್ನು ನನ್ನ ಬಾಯಿಗೆ ತುರುಕಿದರು. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ನನ್ನ ಕೈಗಡಿಯಾರ ಆಗ ನನ್ನ ಮೂಗಿನ ಮುಂದೆಯೇ ಇತ್ತು. ಸಾಯುವ ಹೊತ್ತಿನಲ್ಲಿ ಜನ ದೇವರನ್ನು ನೆನೆಯುತ್ತಾರಂತೆ. ನಾನು ಟೈಮು ನೋಡಿದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದರ ಫಲ.

ನಮ್ಮ ಊರಿನ ಮೇಲ್ಪೇಟೆ ಗಾಳಿಯಲ್ಲಿದೆ, ಕೆಳಪೇಟೆ ನೀರಿನಲ್ಲಿದೆ. ಮನೆ, ಅಂಗಡಿ, ಶಾಲೆ, ಜಗಳ ಎಲ್ಲವೂ ಮೇಲೆ. ಹೆಸರಿನ ಕಚೇರಿ ಮಾತ್ರ ಕೆಳಗೆ. ಕೆರೆಯ ನೀರು ಏರಿ ಬಂದಾಗ ಜನ ಗಂಟುಮೂಟೆ ಕಟ್ಟಿಕೊಂಡು ಮೇಲೆ ಬಂದರು. ಕಚೇರಿಗೆ ಸ್ಥಳಾಂತರದ ಆದೇಶ ಬರಲಿಲ್ಲ, ಆದ್ದರಿಂದ ಕಚೇರಿಯೂ ಬರಲಿಲ್ಲ. ಹುಟ್ಟಿದ್ದು, ಸತ್ತದ್ದು, ಮದುವೆಯಾದದ್ದು ಎಲ್ಲವನ್ನೂ ಅಲ್ಲಿಗೇ ಇಳಿದು ಹೋಗಿ ಬರೆಸಬೇಕು. ಅಲ್ಲಿಯ ಪುಸ್ತಕದ ಶಾಯಿ ನೀರಿನಲ್ಲಿ ಯಾಕೆ ಕರಗುವುದಿಲ್ಲ ಎಂದು ಯಾರೂ ಕೇಳಿಲ್ಲ. ಮೇಲ್ಪೇಟೆಯಲ್ಲಿ ಶಾಯಿ ಯಾಕೆ ಒಣಗುತ್ತದೆ ಎಂದೂ ಯಾರೂ ಕೇಳಿಲ್ಲ.

ಹಾಗಾಗಿ ಬೇರೆ ಊರುಗಳಲ್ಲಿ ಸೈಕಲ್ ಇರುವಂತೆ ನಮ್ಮಲ್ಲಿ ಮನೆಗೊಂದೆರಡು ಗಾಳಿ ಸಿಲಿಂಡರು. ಆಯುಧಪೂಜೆಗೆ ಅವಕ್ಕೆ ಕುಂಕುಮ, ಚೆಂಡುಹೂವು, ಚಕ್ರಕ್ಕೆ ಬದಲಾಗಿ ವಾಲ್ವಿನ ಕೆಳಗೆ ನಿಂಬೆಹಣ್ಣು. ಸಿಲಿಂಡರಿನ ತಲೆಗೆ ಒಂದು ರೆಗ್ಯುಲೇಟರ್, ಅದರಿಂದ ಒಂದು ಏಳಡಿಯ, ಒಂದು ಗಿಡ್ಡ, ಹೀಗೆ ಎರಡು ಪೈಪು, ಪ್ರತಿ ಪೈಪಿನ ಕೊನೆಗೂ ಬಾಯಲ್ಲಿ ಕಚ್ಚಿಕೊಳ್ಳುವ ಒಂದು ರಬ್ಬರ್ ತುದಿ. ಅದನ್ನು ನಾವು ಮೂತಿ ಎನ್ನುತ್ತೇವೆ. ಏಳಡಿ ಪೈಪಿನ ಮೂತಿಯನ್ನು ಬಾಯಲ್ಲಿ ಕಚ್ಚಿಕೊಳ್ಳಬೇಕು. ಗಿಡ್ಡ ಪೈಪಿನದನ್ನು ರಬ್ಬರ್ ಪಟ್ಟಿಗೆ ಸಿಕ್ಕಿಸಿ ಗದ್ದದ ಕೆಳಗೆ ತಾಳಿಯ ಹಾಗೆ ನೇತುಹಾಕಿಕೊಳ್ಳಬೇಕು. ಜೊತೆಯವರಿಗೆ ಗಾಳಿ ತಪ್ಪಿದರೆ, ನಿಮ್ಮ ಬಾಯಲ್ಲಿರುವುದನ್ನೇ ಕಿತ್ತು ಕೊಡಬೇಕು. ನೀವು ಕೊರಳಲ್ಲಿರುವುದನ್ನು ಕಚ್ಚಬೇಕು. ಬಾಯಲ್ಲಿದ್ದ ಮೂತಿ ಈಗಷ್ಟೇ ಉಸಿರು ಕೊಟ್ಟಿದೆ, ಅದಕ್ಕೆ ಬೇರೆ ಸಾಕ್ಷಿ ಬೇಡ. ಕೊರಳಿನದರಲ್ಲಿ ಮರಳಿದೆಯೋ ಸೀಗಡಿ ಕೂತಿದೆಯೋ ಯಾರಿಗೆ ಗೊತ್ತು? ಅದನ್ನು ಪರೀಕ್ಷಿಸುವ ಕೆಲಸ ಎದೆಯಲ್ಲಿ ಗಾಳಿ ಇರುವವರು ಮಾಡಲಿ. ಅಲ್ಲದೆ ಉಸಿರು ಕಟ್ಟಿದವನು ಹೇಗೂ ನಿಮ್ಮ ಬಾಯಿಂದಲೇ ಕಿತ್ತುಕೊಳ್ಳುತ್ತಾನೆ; ನಾವಾಗಿ ಕೊಟ್ಟರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಇದನ್ನೆಲ್ಲ ಹನ್ನೆರಡು ಪುಟದ ಕೈಪಿಡಿಯಾಗಿ ಬರೆದವಳು ನಾನೇ. ಕೆಳಪೇಟೆಗೆ ಇಳಿಯುವ ಮೆಟ್ಟಿಲುಗಳ ಬಾಯಲ್ಲಿ ಒಂದು ಮೇಜು ಹಾಕಿಕೊಂಡು, ಇಳಿಯುವವರ ಪೈಪು, ವಾಲ್ವು, ಗಾಳಿಯ ಒತ್ತಡ ತೋರಿಸುವ ಗೇಜು ಪರೀಕ್ಷಿಸಿ ಸಹಿ ಹಾಕುವುದು ನನ್ನ ಉದ್ಯೋಗ. ಜನ ನನ್ನನ್ನು ಪ್ರಮೀಳಾ ಎಂದು ಕರೆಯುವುದಿಲ್ಲ, ಇನ್‌ಸ್ಪೆಕ್ಟ್ರಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೋ ಅದನ್ನು ಸಿಲಿಂಡರಿಗೆ ಗಾಳಿ ತುಂಬುವ ಖಾದರ್ ಸಾಬರು ಒಮ್ಮೆ ಹೇಳಹೊರಟು, ಅರ್ಧಕ್ಕೇ ನಿಲ್ಲಿಸಿ, ಚಹಾ ತರಿಸಿದ್ದರು.

ಮೇಲ್ಪೇಟೆ ಅಂಚೆ ಕಚೇರಿಯ ವರದನನ್ನು ನಾನು ಒಪ್ಪಿದ್ದು ಅವನ ಪೈಪು ಜೋಡಣೆ ನೋಡಿ. ಅಷ್ಟು ಅಚ್ಚುಕಟ್ಟು. ಅವನು ನನ್ನನ್ನು ಯಾಕೆ ಒಪ್ಪಿದನೋ ಇವತ್ತಿಗೂ ಹೇಳಿಲ್ಲ. ಅವನ ತಾಯಿ ಅಲಮೇಲಮ್ಮ ಮಾತ್ರ ಮೊದಲ ದಿನವೇ ನನ್ನನ್ನು ತಿರಸ್ಕರಿಸಿದರು, ಅದೂ ಒಂದು ಲೋಟ ಕಾಫಿಯ ಮೇಲೆ. ಅವರ ಅಡುಗೆಮನೆಯ ಗೋಡೆಗೆ ಹದಿನೈದು ಸೆಂಟಿಮೀಟರಿನ ಬಿಳಿ ಟೈಲ್ಸು, ಪ್ರತಿಯೊಂದರ ನಡುವೆ ಒಂದು ಹಳದಿ ಹೂವು. ಅವರು ಅದರ ಮುಂದೆ ನಿಂತು ಲೋಟ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಪೂರಾ ಒಂದು ಟೈಲಿನ ಎತ್ತರದಿಂದ ಬಾಯೊಳಕ್ಕೆ ಕಾಫಿ ಸುರಿದುಕೊಂಡರು. ಒಂದು ಹನಿ ಆಚೆ ಬೀಳಲಿಲ್ಲ. ನಾನು ಮೆಚ್ಚಿ ನೋಡುತ್ತಲೇ ನನ್ನ ಲೋಟವನ್ನು ತುಟಿಗಿಟ್ಟು ಕುಡಿದೆ. ವರದ ನನ್ನ ಕಾಲು ತುಳಿದ. ತಡವಾಗಿತ್ತು.

"ಓ, ಕಚ್ಚಿ ಕುಡಿಯೋರೇನೋ ಇವರು" ಎಂದರು ಅಲಮೇಲಮ್ಮ, ನನಗಲ್ಲ, ಹಳದಿ ಹೂವಿಗೆ. ಆ ಲೋಟ ಅವತ್ತೇ ಅಡುಗೆಮನೆಯಿಂದ ನಿವೃತ್ತಿಯಾಗಿ ಹಿತ್ತಲಲ್ಲಿ ಪಾತ್ರೆ ತೊಳೆಯುವ ಪುಡಿ ಹಾಕಿಡುವ ಕೆಲಸಕ್ಕೆ ಸೇರಿತು.

ನಮ್ಮ ಊರಿನಲ್ಲಿ ಮದುವೆ ಎಂದರೆ ತಾಳಿಯಲ್ಲ, ಮನೆಪುಸ್ತಕ. ಹುಡುಗಿಯೂ ಹುಡುಗನ ಮನೆಯ ಹಿರಿಯ ಹೆಂಗಸೂ ಜೊತೆಯಾಗಿ ಹೆಸರಿನ ಕಚೇರಿಗೆ ಇಳಿದು, ಪುಸ್ತಕದಲ್ಲಿ ಹುಡುಗಿಯ ಹೆಸರು ಬರೆಸಿ, ಇಬ್ಬರೂ ಹೆಬ್ಬೆಟ್ಟು ಒತ್ತಬೇಕು. ಸರದಿ ಸಿಗಲು ಹನ್ನೊಂದು ತಿಂಗಳು ಬೇಕು. ಎರಡು ಸಲ ಸರದಿ ತಪ್ಪಿದರೆ ಆ ಜೋಡಿಯ ಅರ್ಜಿಯನ್ನು ಕಚೇರಿ ಮತ್ತೆ ತೆಗೆದುಕೊಳ್ಳುವುದಿಲ್ಲ. ನಮ್ಮದು ಒಂದು ಸಲ ತಪ್ಪಿಯಾಗಿತ್ತು. ಹಿಂದಿನ ಡಿಸೆಂಬರಿನಲ್ಲಿ ಎಂಟನೇ ಮೆಟ್ಟಿಲು ಇಳಿಯುವಾಗ ಅಲಮೇಲಮ್ಮನವರ ಎಡಗಣ್ಣೋ ಬಲಗಣ್ಣೋ ಅದುರಿತು, ಅವರು ವಾಪಸು ಹತ್ತಿಬಿಟ್ಟರು. ಈ ನವೆಂಬರಿನದೇ ಕೊನೆಯದು. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಅದಕ್ಕಿಂತ ಮುಖ್ಯವಾಗಿ, ವರದನಷ್ಟು ಚೆನ್ನಾಗಿ ಪೈಪು ಜೋಡಿಸುವವನು ಮೇಲ್ಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ.

ಆ ಗುರುವಾರ ಒಂಬತ್ತೂವರೆಗೆ ಅಲಮೇಲಮ್ಮ ಒಗೆದ ಕಚ್ಚೆ ಸೀರೆಯ ಮೇಲೆ ಸಿಲಿಂಡರು ಹೊತ್ತು ಮೆಟ್ಟಿಲಿಗೆ ಬಂದರು. ಅರವತ್ತಮೂರು ವರ್ಷ, ಜೀವನದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಸಲ ಇಳಿದವರು. ಸತ್ತ ಗಂಡನ ಹೆಸರು ತೆಗೆಸಲೇ ಆರು ಸಲ ಓಡಾಡಿದ್ದರಂತೆ, ಪ್ರತಿ ಸಲವೂ ಗುಮಾಸ್ತ ಗಂಡನ ಸಹಿ ಕೇಳಿದ್ದ. ಅವರ ಜೋಡಣೆ ನನ್ನ ಕೈಪಿಡಿಗೆ ಪೂರ್ತಿ ತಲೆಕೆಳಗಾಗಿತ್ತು. ಕೊರಳಿನ ಗಿಡ್ಡ ಮೂತಿಯನ್ನು ಅವರು ಬಾಯಿಗೆ ಇಟ್ಟುಕೊಂಡಿದ್ದರು. ಏಳಡಿ ಪೈಪಿನ ಮೂತಿಗೆ ಬಿಳಿ ಬಟ್ಟೆಯ ಚೀಲ ತೊಡಿಸಿ, ಚೀಲದ ಬಾಯಿಗೆ ನೂಲಿನ ದಾರದಿಂದ ಎರಡು ಗಂಟು ಬಿಗಿದಿದ್ದರು.

"ಇದೇನಮ್ಮಾ ಚೀಲ?" ಎಂದೆ.

"ಮಡಿ. ಮೀನು ಮೂಸಬಾರದಲ್ಲ."

"ಇದು ಬಾಯಲ್ಲಿರಬೇಕು. ಕೊಡಬೇಕಾದ್ರೆ ಬಾಯಲ್ಲಿರೋದನ್ನೇ ಕೊಡಬೇಕು."

"ನಮ್ಮನೇಲಿ ಯಾರಿಗೂ ಎಂಜಲು ಕೊಟ್ಟು ಗೊತ್ತಿಲ್ಲ ತಾಯಿ. ಬಂದೋರಿಗೆ ಬೇರೆ ಲೋಟ, ಬೇರೆ ಎಲೆ. ಗಾಳಿಗೂ ಹಾಗೇ. ಶುದ್ಧವಾಗಿರೋದನ್ನ ಎತ್ತಿಟ್ಟಿದೀನಿ, ಬೇಕಾದ್ರೆ ಇಸಕೋ."

"ನೀರೊಳಗೆ ಗಂಟು ಬಿಚ್ಚೋಕೆ ಟೈಮಿರಲ್ಲ."

"ಬಾಯಿಂದ ತೆಗೆದು ಬಾಯಿಗಿಡೋಕೆ ನಾನೇನು ಗುಬ್ಬಚ್ಚಿಯಾ, ಮರಿಗೆ ಗುಟುಕು ಕೊಡೋಕೆ?"

ಖಾದರ್ ಸಾಬರು ಗಾಳಿಯಂತ್ರದ ಹಿಂದಿನಿಂದ ತಲೆ ಹೊರಗೆ ಹಾಕಿದರು. "ಅಮ್ಮಾವ್ರೇ, ನಾನು ತುಂಬಿರೋ ಗಾಳೀನೇ ಊರೆಲ್ಲಾ ಉಸಿರಾಡಿ ಬಿಟ್ಟಿರೋದಲ್ವಾ? ಅದಕ್ಕೆ ಎಂಜಲಿಲ್ವಾ?"

"ಅದು ಬೇರೆ ಕಾದರಣ್ಣ, ಅದು ವಾಯುದೇವರು. ಇದು ಜೊಲ್ಲು."

ಇಂಥ ವಾದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ: ಸಹಿ ಹಾಕುವುದಿಲ್ಲ ಎಂದೆ. ವರದ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಕೆರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕೊನೆಗೆ ಅಲಮೇಲಮ್ಮ ದೇವರ ವಿಗ್ರಹದ ಒಡವೆ ತೆಗೆಯುವವರ ಹಾಗೆ ಗಂಟು ಬಿಚ್ಚಿ, ಚೀಲ ತೆಗೆದು, ಏಳಡಿಯದನ್ನು ಕಚ್ಚಿ, ಗಿಡ್ಡದನ್ನು ಕೊರಳಿಗೆ ಹಾಕಿಕೊಂಡರು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗಾಳಿ ಕೊಟ್ಟು ತೋರಿಸುವ ಅಭ್ಯಾಸವನ್ನೂ ಮಾಡಿದರು. ಮೂತಿಯನ್ನು ನನ್ನ ಮುಖದಿಂದ ಒಂದಡಿ ದೂರದಲ್ಲಿ ಹಿಡಿದು, "ಆಯ್ತಲ್ಲ" ಎಂದರು. ನಾನು ಸಹಿ ಹಾಕಿದೆ.

ಸರದಿಯ ಗಂಟೆ ಬಡಿಯಿತು. ಅವರ ಜೋಡಣೆ ಸರಿಮಾಡುವ ಭರದಲ್ಲಿ ನನ್ನದನ್ನು ಅರ್ಧ ಪರೀಕ್ಷಿಸಿ ಬಿಟ್ಟಿದ್ದೆ. ನಮ್ಮಲ್ಲಿ ಹಳೆಯ ರೂಢಿಯೊಂದಿದೆ: ವಾಲ್ವನ್ನು ಪೂರ್ತಿ ಬಿಚ್ಚಿ, ಮತ್ತೆ ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು. ನಾನು ಕೈ ಬೆನ್ನ ಹಿಂದೆ ಹಾಕಿ ಕೊನೆಯವರೆಗೂ ತಿರುಗಿಸಿದೆ, ಕಾಲು ಸುತ್ತು ಹಿಂದಕ್ಕೆ ತಂದೆ. ಎರಡು ಉಸಿರು ಎಳೆದೆ, ಸೊಗಸಾಗಿ ಬಂತು. ಉಸಿರೆಳೆಯುವಾಗ ಗೇಜಿನ ಮುಳ್ಳು ನೋಡಬೇಕೆಂದು ನನ್ನದೇ ಕೈಪಿಡಿಯ ಏಳನೇ ಪುಟ ಹೇಳುತ್ತದೆ. ನಾನು ಅಲಮೇಲಮ್ಮನವರನ್ನು ನೋಡುತ್ತಿದ್ದೆ. ಅವರು "ಕೊಂಚ ಸೆರಗು ಸರಿಮಾಡ್ಕೋತೀನಿ" ಎಂದು ಕಂಬದ ಹಿಂದೆ ಹೋಗಿ ಬರುತ್ತಿದ್ದರು.

ಇಳಿದೆವು. ಕೆಳಪೇಟೆಯ ದಾರಿ ನನಗೆ ಇಷ್ಟ. ಆರು ಮೀಟರಿನಲ್ಲಿ ಕಲ್ಲಿನ ಜಗಲಿ. ಮೇಲೆ ಬರುವವರೆಲ್ಲ ಅಲ್ಲಿ ಐದು ನಿಮಿಷ ಕೂತು ರಕ್ತದಲ್ಲಿ ಸೇರಿದ ಗಾಳಿಯನ್ನು ಇಳಿಸಿಕೊಂಡೇ ಹೊರಡಬೇಕು. ಊರಿನ ಚಾಡಿಯೆಲ್ಲ ಅಲ್ಲಿ ಕೈಸನ್ನೆಯಲ್ಲಿ ವಿನಿಮಯವಾಗುತ್ತದೆ. ಹದಿನೈದರಲ್ಲಿ ಹಳೆಯ ಕ್ಷೌರದಂಗಡಿ, ಕನ್ನಡಿ ಇನ್ನೂ ಇದೆ; ಗಂಡಸರು ಈಗಲೂ ಹಾದುಹೋಗುವಾಗ ತಲೆ ಸವರಿಕೊಳ್ಳುತ್ತಾರೆ. ಇಪ್ಪತ್ತೆಂಟರಲ್ಲಿ ಬೆಳಕು ಹಸಿರಾಗಿ, ಮೂವತ್ತೆರಡರಲ್ಲಿ ಕಚೇರಿಯ ಬಾಗಿಲು. ಒಳಗೆ ಇಬ್ಬರು ಪಕ್ಕಪಕ್ಕ ಹೋಗಲಾರದಷ್ಟು ಇಕ್ಕಟ್ಟಿನ ಉದ್ದನೆಯ ಓಣಿ, ಅದರ ತಿರುವಿನಾಚೆ ಗುಮಾಸ್ತನ ಕಟಕಟೆ. ಗೋಡೆಯ ಮೇಲೆ ಎರಡು ಫಲಕ. ಒಂದು: "ಕಚೇರಿಯ ಗಾಳಿ ಸಿಬ್ಬಂದಿಗೆ ಮಾತ್ರ." ಇನ್ನೊಂದು: "ಹೆಬ್ಬೆಟ್ಟು ಒಣಗಿಸಿಕೊಂಡು ಬನ್ನಿ."

ಓಣಿಯ ನಡುವೆ ನನ್ನ ಉಸಿರು ಬಿಗಿಯಾಯಿತು. ಸಪೂರ ಕೊಳವೆಯಲ್ಲಿ ಗಟ್ಟಿ ಪಾಯಸ ಹೀರಿದಂತೆ. ಕಾರಣ ಈಗ ಒಂದು ವಾಕ್ಯದಲ್ಲಿ ಹೇಳಬಲ್ಲೆ: ಮೂವತ್ತೆರಡು ಮೀಟರಿನಲ್ಲಿ ಒಂದೊಂದು ಉಸಿರಿಗೂ ಮೇಲಿನ ನಾಲ್ಕು ಪಟ್ಟು ಗಾಳಿ ಬೇಕು, ಕಾಲು ಸುತ್ತು ತೆರೆದ ವಾಲ್ವು ಅಷ್ಟು ಕೊಡಲಾರದು. ವಾಲ್ವು ಮೊದಲೇ ಪೂರ್ತಿ ತೆರೆದಿತ್ತು. ನಾನು ಬಿಚ್ಚುತ್ತಿದ್ದೇನೆಂದುಕೊಂಡು ಮುಚ್ಚಿ, ಕಾಲು ಸುತ್ತು ಬಿಚ್ಚಿದ್ದೆ. ಅಲ್ಲಿ, ಆ ಓಣಿಯಲ್ಲಿ, ನನಗೆ ಇದ್ಯಾವುದೂ ಹೊಳೆಯಲಿಲ್ಲ. ಕೊರಳಿನ ಮೂತಿಗೆ ಬದಲಾಯಿಸಿದೆ. ಅದೂ ಅದೇ ಸಿಲಿಂಡರಿನ ಮಗು, ಅಷ್ಟೇ ಜಿಪುಣ. ಮುಂದೆ ಹೋಗುತ್ತಿದ್ದ ಅಲಮೇಲಮ್ಮನವರ ಕಾಲು ಹಿಡಿದು ಎಳೆದೆ. ಸಂಪ್ರದಾಯಸ್ಥ ಸೊಸೆಯಂತೆ ಅವರ ಪಾದ ಹಿಡಿದದ್ದು ಅದೇ ಮೊದಲು.

ಅವರು ತಿರುಗಿದರು. ನಾನು ಕತ್ತು ಕೊಯ್ಯುವ ಸನ್ನೆ ಮಾಡಿದೆ, ಗಾಳಿ ಇಲ್ಲ ಎಂದು. ಆಗ ನೋಡಿದೆ: ಅವರ ಬಾಯಲ್ಲಿ ಗಿಡ್ಡ ಮೂತಿ. ಏಳಡಿಯದು ಎದೆಯ ಮೇಲೆ, ಬಿಳಿ ಚೀಲದೊಳಗೆ, ಎರಡು ಗಂಟಿನ ಭದ್ರತೆಯಲ್ಲಿ. ಕಂಬದ ಹಿಂದೆ ಸರಿಮಾಡಿಕೊಂಡದ್ದು ಸೆರಗಲ್ಲ.

ಅಲಮೇಲಮ್ಮ ಅತಿಥಿಗೆ ತಾಂಬೂಲ ಕೊಡುವ ಗಾಂಭೀರ್ಯದಿಂದ ಚೀಲವನ್ನು ಎತ್ತಿ ನನಗೆ ನೀಡಿದರು. ನಾನು ಚೀಲಸಮೇತ ಕಚ್ಚಿದೆ. ಬಟ್ಟೆ, ನೀರು, ಸ್ವಲ್ಪ ಕರ್ಪೂರದ ರುಚಿ. ಉಗಿದೆ. ಅವರು ಗಂಟಿಗೆ ಕೈ ಹಾಕಿದರು. ನೆನೆದ ನೂಲು ಕಲ್ಲಾಗಿತ್ತು. ಉಗುರು ಜಾರಿತು, ಇನ್ನೊಮ್ಮೆ ಜಾರಿತು. ನಾನು ಟೈಮು ನೋಡಿದೆ. ಹತ್ತು ನಲವತ್ತೊಂದು.

ಆ ಹೆಂಗಸು ನನ್ನ ಕಣ್ಣಿಗೆ ಕಣ್ಣಿಟ್ಟು ಒಂದು ಕ್ಷಣ ನೋಡಿದರು. ಮುಖಕ್ಕೆ ಕಟ್ಟಿಕೊಂಡ ಗಾಜಿನ ಹಿಂದೆ ಅವರ ಹುಬ್ಬು ಗಂಟಿಕ್ಕಿತ್ತು. ಕರುಣೆಗಿಂತ ಹೆಚ್ಚಾಗಿ ಬೇಸರ, ಬೆಳಗಿಟ್ಟ ಪಾತ್ರೆಯನ್ನು ಯಾರೋ ಮತ್ತೆ ಮುಟ್ಟಿದರೆಂಬ ಬೇಸರ. ಆಮೇಲೆ ತಮ್ಮ ಬಾಯಿಂದ ಮೂತಿ ಕಿತ್ತು ನನ್ನ ಬಾಯಿಗೆ ತುರುಕಿದರು. ಅದು ಅವರ ಕೊರಳಿನ ರಬ್ಬರ್ ಪಟ್ಟಿಗೇ ಸಿಕ್ಕಿಕೊಂಡಿತ್ತಾದ್ದರಿಂದ ನಾನು ಅವರ ಗದ್ದದ ಕೆಳಗೆ, ಹಾಲು ಕುಡಿಯುವ ಕೂಸಿನ ಭಂಗಿಯಲ್ಲಿ ನೇತಾಡಬೇಕಾಯಿತು. ಎರಡು ಉಸಿರು ಎಳೆದೆ. ಅವರು ನನ್ನ ನೆತ್ತಿಗೆ ಬೆರಳಿನಿಂದ ಕುಟ್ಟಿದರು, ಸಾಕು ಎಂದು. ಕೊಟ್ಟೆ. ಅವರು ಒರೆಸಿಕೊಳ್ಳಲಿಲ್ಲ, ನೀರಿನಲ್ಲಿ ಏನಂತ ಒರೆಸುವುದು? ಎರಡು ಉಸಿರು ಎಳೆದು ನನಗೆ ಕೊಟ್ಟರು. ನನಗೆರಡು, ಅವರಿಗೆರಡು. ಹಣೆಗೆ ಹಣೆ ತಾಗುತ್ತಿತ್ತು. ನಾನು ಎಣಿಸುತ್ತಿದ್ದೆ, ಎಣಿಸುವಾಗ ಹೆದರಿಕೆ ಕಡಿಮೆ.

ನಾಲ್ಕನೇ ಸುತ್ತು ಮುಗಿದಾಗ ಅವರು ನನ್ನ ಗೇಜು ಹಿಡಿದು, ನನ್ನದೇ ಮೂತಿಯನ್ನು ನನ್ನ ಬಾಯಿಗಿಟ್ಟು, ಎಳೆ ಎಂದು ಸನ್ನೆ ಮಾಡಿದರು. ಎಳೆದೆ. ನೂರೈವತ್ತರಲ್ಲಿದ್ದ ಮುಳ್ಳು ಧಡಕ್ಕನೆ ಇಪ್ಪತ್ತಕ್ಕೆ ಬಿದ್ದು, ಮತ್ತೆ ತೆವಳಿಕೊಂಡು ಮೇಲೆ ಹೋಯಿತು. ಅವರು ನನ್ನ ತಲೆಯ ಹಿಂದೆ ಕೈ ಹಾಕಿದರು. ಕರ್ ಕರ್ ಎಂದು ಏನೋ ತಿರುಗಿದ್ದು ನನ್ನ ತಲೆಬುರುಡೆಗೇ ಕೇಳಿಸಿತು. ಮುಂದಿನ ಉಸಿರು ಹಬ್ಬದಂತೆ ಬಂತು. ಇಷ್ಟು ಅರ್ಥವಾಗಲು ನನಗೆ ಮೂರು ವರ್ಷದ ಪದವಿ ಸಾಲದೆ ಹೋಗಿತ್ತು. ಅವರು ಯಾವ ಪದವಿಯೂ ಇಲ್ಲದೆ, ನನ್ನನ್ನು ನೋಡಿ, ತಮ್ಮ ಹಣೆಯನ್ನು ಅಂಗೈಯಿಂದ ಒಮ್ಮೆ ಬಡಿದುಕೊಂಡರು.

ಗಾಳಿ ಹಂಚಿಕೊಂಡ ಮೇಲೆ ಬಂದ ಕೆಲಸ ಬಿಟ್ಟು ತಕ್ಷಣ ಮೇಲೇರಬೇಕು. ಒಂಬತ್ತನೇ ಪುಟ, ದಪ್ಪಕ್ಷರ. ಕಟಕಟೆ ಹನ್ನೆರಡು ಅಡಿ ದೂರದಲ್ಲಿತ್ತು. ನನ್ನ ಮದುವೆ, ವರದ, ಎರಡು ವರ್ಷದ ಕಾಯುವಿಕೆ ಎಲ್ಲ ಆ ಹನ್ನೆರಡು ಅಡಿಯ ಆಚೆ. ಇನ್ನೊಬ್ಬರಾಗಿದ್ದರೆ ಮುಂದೆ ಹೋಗಲು ನಾನೇ ಬಿಡುತ್ತಿರಲಿಲ್ಲ. ಹಾಗಾಗಿ, ಅಳು ಬರುತ್ತಿದ್ದರೂ, ನಿಯಮದಂತೆ ಹೆಬ್ಬೆರಳೆತ್ತಿ ತೋರಿಸಿದೆ. ನೀರಿನಲ್ಲಿ ಅದರ ಅರ್ಥ ಒಂದೇ: ಮೇಲೆ ಹೋಗೋಣ. ಈ ಸನ್ನೆಗೆ ಎದುರು ಮಾತಿಲ್ಲ, ಅದೂ ನಾನೇ ಬರೆದದ್ದು.

ಅಲಮೇಲಮ್ಮ ನನ್ನ ಗೇಜು ನೋಡಿದರು. ತಮ್ಮದನ್ನು ನೋಡಿಕೊಂಡರು. ಆಮೇಲೆ ನನ್ನ ಎತ್ತಿದ ಹೆಬ್ಬೆರಳನ್ನೇ ಮುಷ್ಟಿಯಲ್ಲಿ ಹಿಡಿದು, ಸಂತೆಯಲ್ಲಿ ಹಟ ಮಾಡುವ ಮಗುವನ್ನು ಎಳೆದಂತೆ ಎಳೆದುಕೊಂಡು ತಿರುವು ದಾಟಿ ಕಟಕಟೆಯ ಮುಂದೆ ನಿಲ್ಲಿಸಿದರು.

ಗುಮಾಸ್ತ ತಿಪ್ಪೇಸ್ವಾಮಿ ಕುರ್ಚಿಗೆ ಕಟ್ಟಿದ ಪೈಪು ಕಚ್ಚಿಕೊಂಡು ಕೂತಿದ್ದ. ಸ್ಲೇಟಿನ ಮೇಲೆ ನಿಧಾನವಾಗಿ ಬರೆದು ತೋರಿಸಿದ: "ಹೆಬ್ಬೆಟ್ಟು ಒದ್ದೆ ಇದೆ." ಅಲಮೇಲಮ್ಮ ಸ್ಲೇಟು ಕಿತ್ತುಕೊಂಡು ಕೆಳಗೆ ಬರೆದರು: "ನಿನ್ನದು?" ತಿಪ್ಪೇಸ್ವಾಮಿ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ಪರಿಶೀಲಿಸಿದ. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ಪುಸ್ತಕ ತೆರೆದು, ಸಂಬಂಧ ಏನೆಂದು ಸನ್ನೆಯಲ್ಲೇ ಕೇಳಿದ. ಅಲಮೇಲಮ್ಮ "ಸೊಸೆ" ಎಂದು ಬರೆದರು. ಒಂದಿಷ್ಟು ಯೋಚಿಸಿ ಪಕ್ಕದಲ್ಲಿ "ಸದ್ಯಕ್ಕೆ" ಎಂದು ಸೇರಿಸಿದರು. ನನ್ನ ಹೆಬ್ಬೆರಳನ್ನು ಅವರೇ ಶಾಯಿಗೆ ಅದ್ದಿ, ಅವರೇ ಒತ್ತಿದರು. ತಮ್ಮದನ್ನೂ ಪಕ್ಕದಲ್ಲೇ ಒತ್ತಿದರು.

ಆರು ಮೀಟರಿನ ಜಗಲಿಯ ಮೇಲೆ ಕೂತಾಗ ಅವರು ತಮ್ಮ ಬಾಯಿ ತೋರಿಸಿ, ನನ್ನ ಬಾಯಿ ತೋರಿಸಿ, ಮೇಲ್ಪೇಟೆಯ ದಿಕ್ಕಿಗೆ ಕೈ ಮಾಡಿ, ನನ್ನ ಕಿವಿ ಹಿಡಿದು ತಿರುಚಿದರು. ಹೊರಗೆ ಹೇಳಬೇಡ ಎಂಬುದಕ್ಕೆ ನನ್ನ ಕೈಪಿಡಿಯಲ್ಲಿ ಸನ್ನೆ ಇಲ್ಲ, ಆದರೂ ಅರ್ಥವಾಯಿತು.

ಮೇಲೆ ವರದ ಟವೆಲ್ ಹಿಡಿದು ನಿಂತಿದ್ದ. "ಏನಾಯ್ತಮ್ಮಾ? ಆಯ್ತಾ?"

"ಆಯ್ತು. ನಿನ್ನ ಹೆಂಡ್ತಿಗೆ ನಲ್ಲಿ ತಿರುಗಿಸೋಕೆ ಬರಲ್ಲ, ಕಲಿಸು" ಎಂದು ಅಲಮೇಲಮ್ಮ ಸೀರೆ ಹಿಂಡಿಕೊಂಡರು.

ನಾನು ಒದ್ದೆ ಬಟ್ಟೆಯಲ್ಲೇ ಮೇಜಿಗೆ ಹೋಗಿ ದಾಖಲೆ ಪುಸ್ತಕ ತೆಗೆದೆ. ಅವಘಡವಾದರೆ ಬರೆಯಲೇಬೇಕು. ಕಾರಣ ಎಂಬ ಕಡೆ "ಪರೀಕ್ಷಕಿಯ ವಾಲ್ವು ಕಾಲು ಸುತ್ತು ಮಾತ್ರ ತೆರೆದಿತ್ತು, ಪರೀಕ್ಷಕಿಯೇ ಮುಚ್ಚಿದ್ದು" ಎಂದು ಬರೆದೆ. ನಿಯಮ ಮೀರಿ ಮುಂದೆ ಹೋದದ್ದನ್ನೂ ಬರೆದೆ. ಭುಜದ ಮೇಲಿಂದ ಅಲಮೇಲಮ್ಮ ಬಗ್ಗಿ ಓದುತ್ತಿದ್ದರು. "ಎಂಜಲು ಅಂತ ಬರೀಬೇಡ, ನೋಡು" ಎಂದರು ಪಿಸುದನಿಯಲ್ಲಿ. ನಾನು "ಗಾಳಿ ಹಂಚಿಕೆ, ತಲಾ ಎಂಟು ಉಸಿರು" ಎಂದು ಬರೆದೆ. ಖಾದರ್ ಸಾಬರು ಬಿಳಿ ಚೀಲದ ಗಂಟನ್ನು ಇಕ್ಕಳದಿಂದ ಬಿಚ್ಚುತ್ತ, "ಒಳ್ಳೇ ಗಂಟು ಅಮ್ಮಾವ್ರೇ, ಇದನ್ನ ಪುರೋಹಿತರಿಗೆ ಕೊಡಿ, ಮದುವೇಲಿ ಉಪಯೋಗಕ್ಕೆ ಬರುತ್ತೆ" ಎಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಆ ದಿನ ಮನೆಗೆ ಹೋದ ಅತ್ತೆ ಎರಡು ಸಲ ಸ್ನಾನ ಮಾಡಿ, ಅರಿಶಿನದ ನೀರಿನಲ್ಲಿ ಏಳು ಸಲ ಬಾಯಿ ಮುಕ್ಕಳಿಸಿದರೆಂದು ವರದ ಹೇಳಿದ. ನನಗೆ ನೋವಾಗಲಿಲ್ಲ. ನಾನೂ ಆ ವಾರವಿಡೀ ರಾತ್ರಿ ಮಲಗುವ ಮೊದಲು ಮನೆಯ ನಲ್ಲಿಗಳನ್ನು ಬಿಚ್ಚಿ ಮುಚ್ಚಿ ನೋಡುತ್ತಿದ್ದೆ. ಅವರವರ ಶುದ್ಧಿ ಅವರವರಿಗೆ.

ಮದುವೆಯಾದ ಮೂರನೇ ವಾರ, ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಸಿಲಿಂಡರುಗಳ ಮೂಲೆಯಲ್ಲಿ ಅತ್ತೆಯ ಪೈಪುಗಳು ಒಣಗಲು ಹರಡಿದ್ದವು. ಏಳಡಿಯ ಮೂತಿಗೆ ಚೀಲವಿರಲಿಲ್ಲ. ರಬ್ಬರಿನ ಮೇಲೆ ಹೊಸದಾಗಿ ಹಲ್ಲಿನ ಗುರುತು ಬಿದ್ದಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ನನ್ನ ಮುಂದೆ ಕಾಫಿ ಕುಕ್ಕಿದರು. ಹಿತ್ತಲಿಗೆ ಗಡೀಪಾರಾಗಿದ್ದ ಅದೇ ಲೋಟ, ಹುಣಸೇಹಣ್ಣು ಹಾಕಿ ಥಳಥಳ ಬೆಳಗಿತ್ತು.

"ಏನು ನೋಡ್ತೀಯಾ? ಕಚ್ಚಿ ಕುಡಿ" ಎಂದರು. "ಎತ್ತೋಕೆ ಹೋಗಿ ಮೈಮೇಲೆ ಚೆಲ್ಕೋಬೇಡ. ಸೀರೆ ಒಗೆಯೋರು ಯಾರು?"

ನಾನು ಕಚ್ಚಿ ಕುಡಿದೆ. ಅವರು ಎಂದಿನಂತೆ ಟೈಲ್ಸಿನ ಮುಂದೆ ನಿಂತು, ತಲೆ ವಾಲಿಸಿ, ತಮ್ಮ ಲೋಟವನ್ನು ಎತ್ತಿದರು. ತುಟಿ ಟೈಲಿನ ಕೆಳಗಿನ ಗೆರೆಗೆ ಸರಿಯಾಗಿತ್ತು. ಲೋಟದ ಅಂಚು ಮಾತ್ರ ಮೇಲಿನ ಗೆರೆಯವರೆಗೆ ಹೋಗದೆ, ಹಳದಿ ಹೂವಿನ ಕೆಳಗಿನ ಎಸಳಿಗೇ ನಿಂತಿತು. ಅವರು ಹಿತ್ತಲಿಗೆ ಹೋದ ಮೇಲೆ ವರದನ ಸ್ಕೇಲು ತಂದು, ಕೆಳಗಿನ ಗೆರೆಯಿಂದ ಆ ಎಸಳಿನವರೆಗೆ ಎರಡು ಸಲ ಅಳೆದೆ. ಆರೂವರೆ ಸೆಂಟಿಮೀಟರ್.